ಕೊಸ್ರೇ ರನ್‌ವೇನ ಸಮುದ್ರದಿಂದ ಮೇಲೆತ್ತಿದ್ದು: ಐಲ್ಯಾಂಡ್ ಹಾಪರ್ ಸೀನರಿ ರಿಪೇರಿ ಲಾಗ್

ಎಕ್ಸ್-ಪ್ಲೇನ್ 12 ಅನ್ನೋ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸೋ ಸಾಫ್ಟ್‌ವೇರ್, ಮುಂದೆ ಬರೀ ಸಿಮ್ ಅಂತೀನಿ) ಮೈಕ್ರೊನೇಷಿಯಾದ ಕೊಸ್ರೇ ದ್ವೀಪದ ಏರ್‌ಪೋರ್ಟ್ ರಿಪೇರಿ ಕೆಲಸ ಒಂದು ಹದಕ್ಕೆ ಬಂದಿದೆ. ಮಾಡಿದ್ದೆಲ್ಲಾ ಮರೆತು ಹೋಗೋ ಮುಂಚೆ ಒಂದ್ಕಡೆ ಬರೆದಿಡ್ತಾ ಇದೀನಿ. ಪೆಸಿಫಿಕ್‌ನ ಸಣ್ಣ ದ್ವೀಪಗಳ ಸೀನರಿಗೆ (ಸಿಮ್ ಒಳಗಿನ ನೆಲ, ಏರ್‌ಪೋರ್ಟ್, ಕಟ್ಟಡ) ಕೈ ಹಾಕೋರೇ ಕಮ್ಮಿ, ಕನ್ನಡದಲ್ಲಂತೂ ಇದರ ಬಗ್ಗೆ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ದುಬೈ, ಸಿಂಗಾಪುರ, ಸಿಡ್ನಿ ಬೇಕು ಅಂದ್ರೆ ದುಡ್ಡು ಕೊಟ್ಟು ತಗೊಳೋಕೆ ಬೇಕಾದಷ್ಟು ಸಿಗುತ್ತೆ, ಕೊಸ್ರೇ ಬೇಕು ಅಂದ್ರೆ ನಾವೇ ಕಟ್ಕೋಬೇಕು.

ಗೊತ್ತಿಲ್ದೋರಿಗೆ ಮೊದಲು ರೂಟ್ ಹೇಳ್ಬಿಡ್ತೀನಿ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಫ್ಲೈಟ್ 154, ಎಲ್ರೂ ಐಲ್ಯಾಂಡ್ ಹಾಪರ್ ಅಂತಾನೇ ಕರೆಯೋದು. ಹೊನೊಲುಲುನಿಂದ ಬೆಳಿಗ್ಗೆ ಹೊರಟು ಮಜುರೋ, ಕ್ವಾಜಲೀನ್, ಕೊಸ್ರೇ, ಪೊನ್‌ಪೇ, ಚೂಕ್, ಕೊನೆಗೆ ಗುವಾಮ್. ಬೋಯಿಂಗ್ 737-800 ವಿಮಾನ. ಮೊದಲನೇ ಲೆಗ್ ಒಂದೇ ಸುಮಾರು 1,980 ನಾಟಿಕಲ್ ಮೈಲು, ಐದು ಗಂಟೆ ಕೆಳಗೆ ಬರೀ ನೀರು, ಆಮೇಲೆ ಪಟಪಟ ಅಂತ ಸಣ್ಣ ಲೆಗ್‌ಗಳು: ಮಜುರೋ ಇಂದ ಕ್ವಾಜಲೀನ್‌ಗೆ 230 ಚಿಲ್ಲರೆ, ಅಲ್ಲಿಂದ ಕೊಸ್ರೇಗೆ ಸುಮಾರು 350, ಕೊಸ್ರೇ ಇಂದ ಪೊನ್‌ಪೇಗೆ 300, ಚೂಕ್‌ಗೆ 380, ಕೊನೇದು ಗುವಾಮ್‌ಗೆ 550. ಹೊನೊಲುಲು ಗಡಿಯಾರಕ್ಕೂ ಗುವಾಮ್ ಗಡಿಯಾರಕ್ಕೂ 20 ಗಂಟೆ ವ್ಯತ್ಯಾಸ, ನಡುವೆ ಡೇಟ್ ಲೈನ್ ದಾಟ್ತಾರೆ, ಸೋಮವಾರ ಹೊರಟೋರು ಮಜುರೋದಲ್ಲಿ ಇಳಿದಾಗ ಮಂಗಳವಾರ. ನಾವು ಇಲ್ಲಿ ಕೂತು ರಿಯಲ್ ಟೈಮಲ್ಲಿ ಹಾರಿಸ್ತೀವಿ ಅಂದ್ರೆ ಅಲ್ಲಿ ಬೆಳಿಗ್ಗೆ ಏಳು ಗಂಟೆ ಅನ್ನೋದು ನಮಗೆ ರಾತ್ರಿ ಹತ್ತೂವರೆ, ಅಂದ್ರೆ ಇಡೀ ರಾತ್ರಿ ಜಾಗರಣೆ, ಗುವಾಮ್ ಮುಟ್ಟೋ ಹೊತ್ತಿಗೆ ಮಾರನೇ ದಿನ ಮಧ್ಯಾಹ್ನದ ಊಟದ ಟೈಮ್.

ಈ ರೂಟ್ ಇವತ್ತಿಂದಲ್ಲ. 1968ರಲ್ಲಿ ಏರ್ ಮೈಕ್ರೊನೇಷಿಯಾ ಅಂತ ಶುರು ಆಗಿದ್ದು, ಕಾಂಟಿನೆಂಟಲ್ ಅನ್ನೋ ಅಮೆರಿಕದ ವಿಮಾನ ಕಂಪನಿ ಅದರ ಹಿಂದೆ ಇತ್ತು, ಆಗ ಬೋಯಿಂಗ್ 727-100 ಹಾರ್ತಾ ಇತ್ತು. ಆಗಿನ ರನ್‌ವೇಗಳಲ್ಲಿ ಕೆಲವು ಬರೀ ಹವಳದ ಪುಡಿ ಹಾಕಿ ಗಟ್ಟಿ ಮಾಡಿದ್ದು, ಚಕ್ರ ಎಬ್ಬಿಸೋ ಹವಳದ ಚೂರು ಹೊಡೆದು ಹೊಟ್ಟೆ ಹಾಳಾಗಬಾರದು ಅಂತ ವಿಮಾನದ ತಳಕ್ಕೆ ಟೆಫ್ಲಾನ್ ಲೇಪ ಹಾಕ್ತಿದ್ರು. 2010ರಲ್ಲಿ ಕಾಂಟಿನೆಂಟಲ್ ಯುನೈಟೆಡ್ ಜೊತೆ ಸೇರ್ಕೊಂಡ ಮೇಲೆ ಹೆಸರು ಬದಲಾಯ್ತು ಅಷ್ಟೇ, ಕೆಲಸ ಅದೇ. ಈಗಲೂ ಈ ಫ್ಲೈಟಲ್ಲಿ ಹೆಚ್ಚುವರಿ ಪೈಲಟ್‌ಗಳು ಇರ್ತಾರೆ, ಒಬ್ಬ ಮೆಕ್ಯಾನಿಕ್ ಜೊತೆಗೇ ಬರ್ತಾನೆ, ಬಿಡಿಭಾಗಗಳನ್ನೂ ಹೊತ್ಕೊಂಡೇ ಹೋಗ್ತಾರೆ. ಮಧ್ಯ ಯಾವ್ದೋ ದ್ವೀಪದಲ್ಲಿ ಟೈರ್ ಹೋಯ್ತು ಅಂದ್ರೆ ತಂದು ಕೊಡೋರು ಯಾರು. ಕ್ವಾಜಲೀನ್ ಅಮೆರಿಕದ ಸೈನ್ಯದ ನೆಲೆ, ಅಲ್ಲಿ ಅನುಮತಿ ಇದ್ದೋರು ಮಾತ್ರ ಇಳೀಬಹುದು, ಉಳಿದೋರು ಸೀಟಲ್ಲೇ ಕೂತಿರ್ಬೇಕು. ಕೋವಿಡ್ ಟೈಮಲ್ಲಿ ಮೈಕ್ರೊನೇಷಿಯಾ ಬಾಗಿಲು ಹಾಕ್ಕೊಂಡಿದ್ದು ತೆಗೆದಿದ್ದು 2022ರ ಆಗಸ್ಟ್‌ನಲ್ಲಿ, ಅಲ್ಲೀವರೆಗೂ ಆ ಜನಕ್ಕೆ ಹೊರಗಿನ ಲೋಕಕ್ಕೆ ದಾರಿ ಅನ್ನೋದೇ ಇಲ್ಲದ ಹಾಗೆ ಆಗಿತ್ತು. ಅದಕ್ಕೇ ನನಗೆ ಈ ಫ್ಲೈಟ್ ಬಗ್ಗೆ ಇಷ್ಟೊಂದು ಅಕ್ಕರೆ. ಇದು ಆ ಊರುಗಳ ಬಸ್ಸು.

ಬಸ್ಸು ಅಂದ ಮೇಲೆ ಎಲ್ಲಾ ಸ್ಟಾಪೂ ಸರಿಯಾಗಿರ್ಬೇಕು. ನನ್ನ ಸಿಮ್‌ನಲ್ಲಿ ಹೊನೊಲುಲು, ಗುವಾಮ್ ಎರಡೂ ಚೆನ್ನಾಗಿತ್ತು, ಮಜುರೋ ಪರವಾಗಿಲ್ಲ, ಕೊಸ್ರೇ ಬಂದ ತಕ್ಷಣ ಎಲ್ಲಾ ಕೆಟ್ಟು ಹೋಗ್ತಿತ್ತು. ಈ ಕಡೆ ದ್ವೀಪಗಳದ್ದು ಅಂತ ಒಂದು ಪ್ಯಾಕ್ ದುಡ್ಡು ಕೊಟ್ಟೇ ತಗೊಂಡಿದ್ದೆ, ಟರ್ಮಿನಲ್ ಕಟ್ಟಡ, ತೆಂಗಿನಮರ, ಬ್ಯಾಗೇಜ್ ಗಾಡಿ ಎಲ್ಲಾ ಮುದ್ದಾಗಿ ಮಾಡಿದ್ರು, ರನ್‌ವೇ ಮಾತ್ರ ಒಂದು ತುದೀಲಿ ನೀರೊಳಗೆ ಮುಳುಗಿ ಇನ್ನೊಂದು ತುದಿ ಹತ್ರ ಗುಡ್ಡ ಹತ್ತಿದ ಹಾಗೆ ಏರ್ತಿತ್ತು. ಫೈನಲ್‌ನಲ್ಲಿ (ಇಳಿಯೋ ಮುಂಚಿನ ಕೊನೇ ನೇರ ದಾರಿ) ಬರ್ತಾ ನೆಲದಿಂದ ಎತ್ತರ ಅಳೆಯೋ ರೇಡಿಯೋ ಆಲ್ಟಿಮೀಟರ್ ಐವತ್ತು, ನಲವತ್ತು ಅಂತ ಕರೀತಾ ಇದ್ದಿದ್ದು ಥ್ರೆಶೋಲ್ಡ್ (ಇಳಿಯೋ ಜಾಗ ಶುರು ಆಗೋ ರನ್‌ವೇ ತುದಿ) ಮುಂದೆ ಒಂದು ಉಬ್ಬು ಬಂದು ಇದ್ದಕ್ಕಿದ್ದ ಹಾಗೆ ಹತ್ತಕ್ಕೆ ಬಿದ್ದು ಮತ್ತೆ ಮೂವತ್ತಕ್ಕೆ ಏರೋದು. ಆ ಥರ ಸೀನರಿ ಮೇಲೆ ಝಿಬೋ 737 (ಎಕ್ಸ್-ಪ್ಲೇನ್‌ಗೆ ಮಾಡಿರೋ 737-800) ಅಂಥ ಒಳ್ಳೆ ವಿಮಾನ ಇಳಿಸೋದು ಅಂದ್ರೆ ವಿಮಾನಕ್ಕೇ ಅವಮಾನ.

ಯಾಕೆ ಹಿಂಗಾಗುತ್ತೆ ಅನ್ನೋದು ಅರ್ಥ ಆದ್ರೆ ಅರ್ಧ ಕೆಲಸ ಮುಗೀತು. ಕೊಸ್ರೇ ದ್ವೀಪ ಎಲ್ಲಾ ಸೇರಿ ಸುಮಾರು 110 ಚದರ ಕಿಲೋಮೀಟರ್, ಮಧ್ಯದಲ್ಲಿ ಫಿಂಕೊಲ್ ಬೆಟ್ಟ 600 ಮೀಟರ್ ಮೇಲೆ ಏರಿ ನಿಂತಿದೆ, ಸಮತಟ್ಟು ಜಾಗ ಅನ್ನೋದೇ ಇಲ್ಲ. ಅದಕ್ಕೇ ಏರ್‌ಪೋರ್ಟನ್ನ ದ್ವೀಪದ ಮೇಲೆ ಕಟ್ಟದೆ ವಾಯವ್ಯ ಕಡೆ ಒಕಾಟ್ ಅನ್ನೋ ಬಂದರಿನ ಪಕ್ಕ ಹವಳದ ದಿಬ್ಬದ ಮೇಲೆ ಮಣ್ಣು ತುಂಬಿ ಕಟ್ಟಿದ್ದಾರೆ, ದ್ವೀಪಕ್ಕೂ ಅದಕ್ಕೂ ಒಂದು ಏರಿ ರಸ್ತೆ. ರನ್‌ವೇ 05/23 (ದಿಕ್ಸೂಚಿಯಲ್ಲಿ ಸುಮಾರು 50, 230 ಡಿಗ್ರಿ ದಿಕ್ಕು), ಉದ್ದ ಸುಮಾರು 5,750 ಅಡಿ ಅಂದ್ರೆ 1,750 ಮೀಟರ್, ಅಗಲ 150 ಅಡಿ, ಸಮುದ್ರ ಮಟ್ಟದಿಂದ ಎತ್ತರ 11 ಅಡಿ. ನಮ್ಮ ಮಂಗಳೂರಿನ ದೊಡ್ಡ ರನ್‌ವೇ 2,450 ಮೀಟರ್, ಅದನ್ನೇ ನಾವು ಹುಷಾರಾಗಿ ಇಳಿಸ್ಬೇಕಾದ ಜಾಗ ಅಂತೀವಿ, ಇದು ಅದಕ್ಕಿಂತ 700 ಮೀಟರ್ ಗಿಡ್ಡ.

ಈಗ ಸಿಮ್ ನೆಲದ ಎತ್ತರ ಎಲ್ಲಿಂದ ತಗೊಳುತ್ತೆ ನೋಡಿ. ಉಪಗ್ರಹ, ಶಟಲ್ ರೇಡಾರ್‌ನಿಂದ ಬಂದ ಎತ್ತರದ ಡೇಟಾ, ಅದರಲ್ಲಿ ಒಂದೊಂದು ಚುಕ್ಕೆ 30 ಮೀಟರ್ ಇಲ್ಲ 90 ಮೀಟರ್‌ಗೆ ಒಂದು. ರನ್‌ವೇ ಅಗಲ 45 ಮೀಟರ್. ಅಂದ್ರೆ 90 ಮೀಟರ್ ಡೇಟಾದಲ್ಲಿ ಒಂದು ಚುಕ್ಕೆ ಒಳಗೆ ರನ್‌ವೇ ಪೂರ್ತಿ ಕೂತು ಅದರ ಎರಡೂ ಪಕ್ಕದ ಸಮುದ್ರವೂ ಕೂತಿರುತ್ತೆ, ಸರಾಸರಿ ತೆಗೆದ್ರೆ ರನ್‌ವೇ ನೀರಿಗಿಂತ ಚೂರೇ ಚೂರು ಮೇಲೆ ಇಲ್ಲಾ ಕೆಳಗೆ. ದ್ವೀಪದ ಕಡೆ ಇರೋ ಚುಕ್ಕೆಗಳಿಗೆ ಮರಗಳ ತಲೆ, ಬೆಟ್ಟದ ಬುಡದ ಎತ್ತರ ಸೇರ್ಕೊಂಡು ಅಲ್ಲಿ ಉಬ್ಬುತ್ತೆ. ಬೆಂಗಳೂರಿನಂಥ ಜಾಗದಲ್ಲಿ ಎರಡು ಮೂರು ಮೀಟರ್ ಹೆಚ್ಚುಕಮ್ಮಿ ಆದ್ರೆ ಯಾರಿಗೂ ಗೊತ್ತಾಗಲ್ಲ, ಒಟ್ಟು ಎತ್ತರವೇ ಮೂರೂವರೆ ಮೀಟರ್ ಇರೋ ಜಾಗದಲ್ಲಿ ಎರಡು ಮೀಟರ್ ಅಂದ್ರೆ ಅದೇ ಎಲ್ಲಾ.

ಸುಲಭದ ದಾರಿ ಒಂದಿದೆ, ವರ್ಲ್ಡ್ ಎಡಿಟರ್‌ನಲ್ಲಿ (ಎಕ್ಸ್-ಪ್ಲೇನ್‌ನ ಏರ್‌ಪೋರ್ಟ್ ತಿದ್ದೋ ಟೂಲ್) ಏರ್‌ಪೋರ್ಟ್‌ಗೆ ಫ್ಲಾಟನ್, ಅಂದ್ರೆ ನೆಲ ಸಮ ಮಾಡು, ಅನ್ನೋದನ್ನ ಟಿಕ್ ಮಾಡೋದು. ಮೈದಾನದ ಏರ್‌ಪೋರ್ಟ್‌ಗೆ ಅದು ಧಾರಾಳವಾಗಿ ಸಾಕು. ಇಲ್ಲಿ ಮಾಡಿ ನೋಡಿದ್ರೆ ಬೌಂಡರಿ ಒಳಗೆ ಬಿದ್ದಿರೋ ಸಮುದ್ರದ ತುಂಡುಗಳೂ ರನ್‌ವೇ ಮಟ್ಟಕ್ಕೇ ಬಂದು ನಿಂತು ಅಂಚಲ್ಲಿ ನೀರಿನ ಗೋಡೆ ಥರ ಕಾಣುತ್ತೆ. ಬೌಂಡರಿನ ರನ್‌ವೇಗೆ ಅಂಟಿಸಿದ ಹಾಗೆ ಸಣ್ಣ ಮಾಡಿದ್ರೂ ಮೆಶ್‌ನ (ಸಿಮ್‌ನಲ್ಲಿ ನೆಲದ ಆಕಾರ ಹೆಣೆದಿರೋ ಬಲೆ) ತ್ರಿಕೋನಗಳು ದೊಡ್ಡದಿರೋದ್ರಿಂದ ಒಂದು ಮೂಲೆ ಎತ್ತಿದ್ರೆ ಇನ್ನೊಂದು ಮೂಲೆ ಸಮುದ್ರದವರೆಗೂ ಚಾಚ್ಕೊಳುತ್ತೆ. ಅದಕ್ಕೇ ಮೆಶ್ ಬುಡದಿಂದಲೇ ಹೊಸದಾಗಿ ಮಾಡೋಣ ಅಂತ ಆರ್ಥೋ4ಎಕ್ಸ್‌ಪಿ ಹಿಡಿದೆ, ಉಪಗ್ರಹ ಚಿತ್ರ, ಎತ್ತರದ ಡೇಟಾದಿಂದ ಎಕ್ಸ್-ಪ್ಲೇನ್‌ಗೆ ನೆಲ ಕಟ್ಟಿಕೊಡೋ ಟೂಲ್ ಅದು.

ಆರ್ಥೋ4ಎಕ್ಸ್‌ಪಿ ಬಳಸಿದೋರಿಗೆ ಗೊತ್ತು, ಒಂದು ಡಿಗ್ರಿ ಅಕ್ಷಾಂಶಕ್ಕೆ ಒಂದು ಡಿಗ್ರಿ ರೇಖಾಂಶದ ಟೈಲ್, ಕೊಸ್ರೇ ಏರ್‌ಪೋರ್ಟ್ ಇರೋದು +05+162ರಲ್ಲಿ. ನಾಲ್ಕು ಹಂತ: ವೆಕ್ಟರ್ ಡೇಟಾ (ದಡ, ರಸ್ತೆ ಥರದ ಗೆರೆಗಳು) ಸೇರಿಸೋದು, ಮೆಶ್ ಹೆಣೆಯೋದು, ನೀರಿನ ಮಾಸ್ಕ್ (ಚಿತ್ರ ಎಲ್ಲಿ ಕರಗಿ ಸಿಮ್‌ನ ನೀರು ಶುರು ಆಗ್ಬೇಕು ಅನ್ನೋ ಪದರ), ಆಮೇಲೆ ಚಿತ್ರ ಇಳಿಸಿ ಡಿಎಸ್ಎಫ್ (ಎಕ್ಸ್-ಪ್ಲೇನ್ ಓದೋ ಸೀನರಿ ಫೈಲ್) ಕಟ್ಟೋದು. ಇದರಲ್ಲಿ ಹೆಚ್ಚಿನವರು ಮುಟ್ಟದೇ ಇರೋ ಒಂದು ಸೌಲಭ್ಯ ಇದೆ, ಪ್ಯಾಚಸ್ ಅನ್ನೋ ಫೋಲ್ಡರ್. ಆ ಫೋಲ್ಡರ್ ಒಳಗೆ ಟೈಲ್ ಹೆಸರಲ್ಲಿ ಇನ್ನೊಂದು ಫೋಲ್ಡರ್ ಮಾಡಿ ಅಲ್ಲಿ ಓಎಸ್ಎಂ (ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಉಚಿತ ನಕ್ಷೆ) ಫಾರ್ಮ್ಯಾಟ್‌ನಲ್ಲಿ ನಮ್ಮದೇ ಗೆರೆಗಳನ್ನ ಇಟ್ರೆ, ಮೊದಲನೇ ಹಂತದಲ್ಲೇ ಅದನ್ನ ಓದ್ಕೊಂಡು ಆ ಗೆರೆ ಒಳಗೆ ನಾವು ಹೇಳಿದ ಎತ್ತರವನ್ನೇ ಕೂರಿಸುತ್ತೆ. ಎತ್ತರದ ಡೇಟಾ ಏನು ಬೇಕಾದ್ರೂ ಹೇಳ್ಲಿ, ಆ ಜಾಗದಲ್ಲಿ ನಮ್ಮ ಮಾತೇ ನಡೆಯೋದು. ಈ ಕೆಲಸದ ಜೀವಾಳ ಇದೇ.

ಗೆರೆ ಎಳೆಯೋದು ಜೋಸಮ್ ಅನ್ನೋ ಮ್ಯಾಪ್ ಎಡಿಟರ್‌ನಲ್ಲಿ. ಹಿಂದೆ ಉಪಗ್ರಹ ಚಿತ್ರ ಹಾಕ್ಕೊಂಡು ರನ್‌ವೇ, ಏಪ್ರನ್ (ವಿಮಾನ ನಿಲ್ಲೋ ಅಂಗಳ), ಎರಡೂ ತುದಿಯ ಖಾಲಿ ಜಾಗ ಸೇರಿಸಿ ಒಂದು ಮುಚ್ಚಿದ ಆಕಾರ ಎಳೆದು ಅದಕ್ಕೆ ಎತ್ತರ 3.4 ಮೀಟರ್ ಅಂತ ಟ್ಯಾಗ್ ಕೊಟ್ಟೆ, ಅದೇ ಆ 11 ಅಡಿ. ಅಷ್ಟಕ್ಕೇ ಬಿಟ್ರೆ ಆ ಆಕಾರದ ಅಂಚಿನಿಂದ ಹೊರಗೆ ಮೆಶ್ ಮತ್ತೆ ಹಳೇ ಡೇಟಾ ಕಡೆ ಓಡುತ್ತೆ, ಒಂದ್ಕಡೆ ಕಡಿದಾಗಿ ಬೀಳುತ್ತೆ, ಒಂದ್ಕಡೆ ಉಬ್ಬುತ್ತೆ. ಅದಕ್ಕೆ ಇದರ ಹೊರಗೆ ಹತ್ತು ಹನ್ನೆರಡು ಮೀಟರ್ ದೂರದಲ್ಲಿ ಸುತ್ತಲೂ ಇನ್ನೊಂದು ಆಕಾರ, ಅದಕ್ಕೆ ಅರ್ಧ ಮೀಟರ್ ಎತ್ತರ. ಈ ಎರಡು ಗೆರೆ ನಡುವೆ ತ್ರಿಕೋನಗಳು ಇಳಿಜಾರಾಗಿ ಹೆಣೆದುಕೊಳ್ಳುತ್ತೆ, ನಿಜವಾದ ಜಾಗದಲ್ಲಿ ಅಲೆ ತಡೆಯೋಕೆ ಕಲ್ಲು ಜೋಡಿಸಿ ಮಾಡಿರೋ ಇಳಿಜಾರು ಇರುತ್ತಲ್ಲ, ಹೆಚ್ಚುಕಮ್ಮಿ ಅದೇ ಥರ ಕಾಣುತ್ತೆ. ಏರಿ ರಸ್ತೆಗೂ ಉದ್ದಕ್ಕೆ ಒಂದು ಪಟ್ಟಿ, ಎರಡು ಮೀಟರ್ ಮೇಲೆ. ಕೋಸ್ಟ್‌ಲೈನ್ ಗೆರೆ ಈ ಹೊರಗಿನ ಆಕಾರದ ಒಳಗೆ ನುಸುಳದ ಹಾಗೆ ನೋಡ್ಕೋಬೇಕು, ಒಂದು ಕಡೆ ದಾಟಿದ್ರೂ ಆ ತುಂಡು ನೀರು ಅಂತ ಲೆಕ್ಕ ಆಗಿ ರನ್‌ವೇ ಪಕ್ಕ ಕೊಳ ಬರುತ್ತೆ, ಅದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕೋಸ್ಟ್‌ಲೈನ್ ಜೊತೆಗೇ ತೆರೆದಿಟ್ಕೊಂಡು ಗೆರೆಯ ಒಂದೊಂದೇ ನೋಡ್ (ಚುಕ್ಕೆ) ಹೋಲಿಸ್ತಾ ಹೋಗೋದು ಒಳ್ಳೇದು. ತಾಳ್ಮೆ ಬೇಡೋ ಕೆಲಸ, ಆದ್ರೆ ನನಗೆ ಇಡೀ ರಿಪೇರಿಯಲ್ಲಿ ಅತಿ ಇಷ್ಟ ಆಗಿದ್ದು ಇದೇ ಭಾಗ, ರನ್‌ವೇನ ಎರಡನೇ ಸಲ ಸಮುದ್ರದ ಮೇಲೆ ಕಟ್ಟಿದ ಹಾಗೆ ಅನ್ಸುತ್ತೆ.

ಚಿತ್ರದ ವಿಷಯಕ್ಕೆ ಬಂದ್ರೆ ಜಾಸ್ತಿ ಹೇಳೋದಿಲ್ಲ. ಇಕ್ವೇಟರ್ ಹತ್ರ ಝಡ್ಎಲ್ (ಝೂಮ್ ಲೆವೆಲ್, ಚಿತ್ರದ ಸ್ಪಷ್ಟತೆಯ ಮಟ್ಟ) 17 ಅಂದ್ರೆ ಒಂದು ಪಿಕ್ಸೆಲ್‌ಗೆ ಸುಮಾರು 1.2 ಮೀಟರ್, 4096 ಪಿಕ್ಸೆಲ್‌ನ ಒಂದು ಟೆಕ್ಸ್‌ಚರ್ ಐದು ಕಿಲೋಮೀಟರ್ ಹತ್ರ ಮುಚ್ಚುತ್ತೆ. ಟೈಲ್‌ನಲ್ಲಿ ಮುಕ್ಕಾಲು ಮೂರು ವೀಸ ನೀರೇ ಇರೋದ್ರಿಂದ ಡಿಸ್ಕ್ ಜಾಗ ಏನೂ ತಿನ್ನಲ್ಲ, ಯುರೋಪಿನ ಒಂದು ಟೈಲ್‌ಗೆ ಹತ್ತಾರು ಜಿಬಿ ಕೊಟ್ಟು ಬೇಜಾರಾಗಿರೋರು ಇದನ್ನ ನೋಡಿದ್ರೆ ಖುಷಿ ಪಡ್ತಾರೆ, ಏರ್‌ಪೋರ್ಟ್ ಸುತ್ತ ಝಡ್ಎಲ್ 18 ಹಾಕೋಕೂ ಯೋಚನೆ ಮಾಡ್ಬೇಕಾಗಿಲ್ಲ. ಕಷ್ಟ ಇರೋದು ಮೋಡದ್ದು. ಈ ದ್ವೀಪದಲ್ಲಿ ಮಳೆ ನಮ್ಮ ಆಗುಂಬೆ ಕಡೆ ಥರ ಸುರಿಯುತ್ತೆ, ಯಾವ ಉಪಗ್ರಹ ಚಿತ್ರ ತೆಗೆದ್ರೂ ಬೆಟ್ಟದ ಮೇಲೆ ಒಂದು ಬಿಳೀ ಮುದ್ದೆ ಕೂತಿರುತ್ತೆ, ಆ ಬಿಳಿ ಮರಗಳ ಮೇಲೆ ಸುಣ್ಣ ಬಳಿದ ಹಾಗೆ ಬರುತ್ತೆ. ಲಭ್ಯ ಇರೋ ಎಲ್ಲಾ ಮೂಲ ಒಂದೊಂದಾಗಿ ಇಳಿಸಿ ನೋಡಿ ಯಾವುದರಲ್ಲಿ ರನ್‌ವೇ ಸುತ್ತ ಮತ್ತು ಅಪ್ರೋಚ್ ಕಡೆ ಮೋಡ ಇಲ್ವೋ ಅದನ್ನ ಇಟ್ಕೊಳೋದು. ಬೆಟ್ಟದ ತುದಿ ಹೆಂಗಿದ್ರೂ ಎಕ್ಸ್-ಪ್ಲೇನ್ 12ರ ಮರಗಳು ಮುಚ್ಚಿಕೊಳ್ಳುತ್ತೆ.

ನೀರಿನ ಮಾಸ್ಕ್ ಮಾತ್ರ ಅವಸರ ಮಾಡಬಾರದ ಜಾಗ. ಹವಳ ದಿಬ್ಬದ ಅಂದ ಇರೋದೇ ಆ ಬಣ್ಣದಲ್ಲಿ, ದಡದ ಹತ್ರ ತಿಳಿ ಹಸಿರು, ಆಮೇಲೆ ದಿಬ್ಬ ಮುಗಿಯೋ ಕಡೆ ಬಿಳೀ ನೊರೆಯ ಗೆರೆ, ಅದರಾಚೆ ಒಂದೇ ಸಲಕ್ಕೆ ಕಡುನೀಲಿ. ಮಾಸ್ಕ್ ಅಗಲ ಮೊದಲೇ ಇರೋ ಅಷ್ಟಕ್ಕೇ ಬಿಟ್ರೆ ದಡದಿಂದ ಸ್ವಲ್ಪ ದೂರಕ್ಕೇ ಚಿತ್ರ ಕರಗಿ ಸಿಮ್‌ನ ನೀರು ಶುರು ಆಗುತ್ತೆ, ಹಸಿರು ಬಣ್ಣ ಕಾಣೋದೇ ಇಲ್ಲ. ಅಗಲ ಜಾಸ್ತಿ ಮಾಡಿ, ನೀರಿನ ಪಾರದರ್ಶಕತೆಯ ರೇಷಿಯೋ ಚೂರು ಚೂರೇ ಬದಲಾಯಿಸ್ತಾ ಹೋದ್ರೆ ಒಂದು ಹಂತದಲ್ಲಿ ದಿಬ್ಬವೂ ಕಾಣುತ್ತೆ, ಮೇಲೆ ಅಲೆಯೂ ಆಡುತ್ತೆ. ಇದು ಬರೀ ಚಂದಕ್ಕೆ ಅಂದ್ಕೋಬೇಡಿ. 05ಕ್ಕೆ ವಿಷುವಲ್ ಆಗಿ ಬರುವಾಗ ಬಲಗಡೆ ಬೆಟ್ಟ, ಎಡಗಡೆ ತೆರೆದ ಸಮುದ್ರ, ಮುಂದೆ ಆ ಹಸಿರು ಪಟ್ಟಿ ಕಂಡ್ರೆ ರನ್‌ವೇ ಎಲ್ಲಿದೆ ಅನ್ನೋದು ಐದಾರು ಮೈಲಿಯಿಂದಲೇ ತಿಳಿಯುತ್ತೆ. ಇಲ್ಲಿ ಐಎಲ್ಎಸ್ (ರೇಡಿಯೋ ಮೂಲಕ ಇಳಿಯೋ ದಾರಿ ತೋರಿಸೋ ವ್ಯವಸ್ಥೆ) ಇಲ್ಲ, ಟವರ್ ಕೂಡ ಇಲ್ಲ, ಕಣ್ಣೇ ಮುಖ್ಯ.

ಕಣ್ಣು ಅಂದ ಮೇಲೆ ಪ್ಯಾಪಿ ಲೈಟ್. ನಾನು ಬೇರೆ ಯಾವ ಆಬ್ಜೆಕ್ಟ್‌ಗೂ ಕೊಡದಷ್ಟು ಸಮಯ ಈ ನಾಲ್ಕು ದೀಪಕ್ಕೆ ಕೊಟ್ಟಿದೀನಿ. ಎರಡು ಬಿಳಿ ಎರಡು ಕೆಂಪು ಇದ್ರೆ ದಾರಿ ಸರಿ, ಕೆಂಪು ಜಾಸ್ತಿ ಆದ್ರೆ ಕೆಳಗೆ ಬಂದ್ವಿ ಅಂತ. ದುಡ್ಡು ಕೊಟ್ಟ ಆ ಪ್ಯಾಕ್‌ನಲ್ಲಿ ದೀಪ ಥ್ರೆಶೋಲ್ಡ್ ಪಕ್ಕದಲ್ಲೇ ಅಂಟಿಸಿದ್ರು. ಲೆಕ್ಕ ಹಾಕಿ ನೋಡಿ: ಮೂರು ಡಿಗ್ರಿ ಇಳಿಜಾರಲ್ಲಿ ಥ್ರೆಶೋಲ್ಡ್ ಮೇಲೆ 50 ಅಡಿ ಎತ್ತರದಲ್ಲಿ ದಾಟ್ಬೇಕು ಅಂದ್ರೆ ಆ ಇಳಿಜಾರು ನೆಲ ಮುಟ್ಟೋ ಜಾಗ ಥ್ರೆಶೋಲ್ಡ್‌ನಿಂದ ಸುಮಾರು 950 ಅಡಿ, ಅಂದ್ರೆ 290 ಮೀಟರ್ ಒಳಗೆ. ದೀಪ ಇರಬೇಕಾದ್ದು ಅಲ್ಲಿ, ರನ್‌ವೇ ಮೇಲಿನ ದಪ್ಪ ಏಮಿಂಗ್ ಪಾಯಿಂಟ್ ಗುರುತು ಇರೋದೂ ಅದರ ಆಸುಪಾಸಿನಲ್ಲೇ. ಥ್ರೆಶೋಲ್ಡ್ ಪಕ್ಕ ದೀಪ ಇಟ್ಕೊಂಡು ಎರಡು ಬಿಳಿ ಎರಡು ಕೆಂಪು ನಂಬಿ ಬಂದ್ರೆ ನೇರ ರನ್‌ವೇ ತುದಿಗೆ, ಸ್ವಲ್ಪ ತಪ್ಪಿದ್ರೆ ಸಮುದ್ರಕ್ಕೆ. ವರ್ಲ್ಡ್ ಎಡಿಟರ್‌ನಲ್ಲಿ ಲೈಟ್ ಫಿಕ್ಸ್‌ಚರ್ ಹಾಕುವಾಗ ಕೋನ 3.00 ಅಂತ, ದಿಕ್ಕು ರನ್‌ವೇ ದಿಕ್ಕಿಗೇ ಸರಿಯಾಗಿ ಕೊಟ್ಟು, ದೂರ ಅಳತೆ ಪಟ್ಟಿಯಲ್ಲಿ ಅಳೆದು ಇಟ್ಟೆ. ಮೆಶ್ ಸರಿ ಮಾಡದೇ ಇದನ್ನ ಮಾಡಿದ್ರೂ ಪ್ರಯೋಜನ ಇಲ್ಲ, ದೀಪ ಕೂತಿರೋ ನೆಲ ಎರಡು ಮೀಟರ್ ತಗ್ಗಾಗಿದ್ರೆ ಇಡೀ ದಾರಿ ಅಷ್ಟೇ ತಗ್ಗುತ್ತೆ, ಅದಕ್ಕೇ ನೆಲ ಮೊದಲು, ದೀಪ ಆಮೇಲೆ, ಕಟ್ಟಡ ಕೊನೆಗೆ.

ಇಷ್ಟೊಂದು ಒತ್ತಿ ಹೇಳೋಕೆ ಕಾರಣ ಚೂಕ್. 2018ರ ಸೆಪ್ಟೆಂಬರ್ 28ರಂದು ಏರ್ ನ್ಯೂಗಿನಿಯ 737-800, ಪೊನ್‌ಪೇ ಇಂದ ಬಂದ ಫ್ಲೈಟ್ 73, ಚೂಕ್‌ನಲ್ಲಿ ರನ್‌ವೇ 04 ಮುಟ್ಟೋ ಮುಂಚೆಯೇ ಲಗೂನ್ ನೀರಿಗೆ ಬಿತ್ತು. 47 ಜನ ಇದ್ರು, ಸ್ಥಳೀಯರು ತಮ್ಮ ದೋಣಿ ತಂದು, ಹತ್ರದಲ್ಲೇ ಇದ್ದ ಅಮೆರಿಕದ ನೌಕಾಪಡೆಯವರೂ ಸೇರಿ ಎತ್ತಿದ್ರು, ಒಬ್ಬ ಪ್ರಯಾಣಿಕ ಉಳೀಲಿಲ್ಲ. ಕೊನೇ ಹಂತದಲ್ಲಿ ಮಳೆ ಒಳಗೆ ನುಗ್ಗಿದ್ರು, ವಿಮಾನ ಕೆಳಗೆ ಹೋಗ್ತಾ ಇದೆ ಅಂತ ಎಚ್ಚರಿಕೆ ಸದ್ದು ಮತ್ತೆ ಮತ್ತೆ ಬಂದ್ರೂ ಇಳಿಯೋದು ಮುಂದುವರೀತು ಅಂತ ತನಿಖೆಯಲ್ಲಿ ಹೊರಬಂತು. ಚೂಕ್ ರನ್‌ವೇ ಸುಮಾರು 6,000 ಅಡಿ, ಅದೂ ನೀರಿನ ಅಂಚಲ್ಲೇ. ಈ ದ್ವೀಪಗಳಲ್ಲಿ ಕೊನೇ ಒಂದು ಮೈಲಿ ಅನ್ನೋದು ಅಷ್ಟು ಗಂಭೀರ. ಅಂಥ ಜಾಗ ಸಿಮ್‌ನಲ್ಲಿ ಮಾಡುವಾಗ ದೀಪ ಎಲ್ಲೋ ಒಂದ್ಕಡೆ ಇಟ್ರೆ ಆಯ್ತು ಅನ್ನೋ ಮನೋಭಾವ ನನಗೆ ಆಗಲ್ಲ.

ಕೆಲಸ ಮಾಡ್ತಾ ಮಾಡ್ತಾ ಗಮನಕ್ಕೆ ಬಂದ ಒಂದು ವಿಷಯ ಹೇಳ್ಲೇಬೇಕು. ಈ ರೂಟ್‌ನ ರನ್‌ವೇ ನಂಬರ್‌ಗಳನ್ನ ಸಾಲಾಗಿ ಬರ್ಕೊಂಡು ನೋಡಿ: ಹೊನೊಲುಲು 08, ಮಜುರೋ 07, ಕ್ವಾಜಲೀನ್ 06, ಕೊಸ್ರೇ 05, ಪೊನ್‌ಪೇ 09, ಚೂಕ್ 04, ಗುವಾಮ್ 06. ಎಲ್ಲಾ ಈಶಾನ್ಯ ಇಲ್ಲ ಪೂರ್ವಕ್ಕೆ ಮುಖ. ವರ್ಷದ ಹೆಚ್ಚು ಭಾಗ ಆ ಕಡೆಯಿಂದ ವಾಣಿಜ್ಯ ಮಾರುತ ಬೀಸುತ್ತೆ, ಗಾಳಿಗೆ ಎದುರಾಗಿ ಇಳೀಬೇಕು, ಹತ್ಬೇಕು. 154 ಹೋಗೋದು ಪಶ್ಚಿಮಕ್ಕೆ. ಅಂದ್ರೆ ಪ್ರತಿ ದ್ವೀಪದಲ್ಲೂ ರನ್‌ವೇ ದಾಟಿ ಮುಂದೆ ಹೋಗಿ ತಿರುಗಿ ವಾಪಸ್ ಬಂದು ಇಳಿಯೋದು, ಮತ್ತೆ ಪೂರ್ವಕ್ಕೆ ಹತ್ತಿ ತಿರುಗಿ ಪಶ್ಚಿಮಕ್ಕೆ ಹೋಗೋದು. ಸಿಂಬ್ರೀಫ್‌ನಲ್ಲಿ (ಸಿಮ್‌ಗೆ ಫ್ಲೈಟ್ ಪ್ಲಾನ್ ಮಾಡಿಕೊಡೋ ತಾಣ) ಪ್ಲಾನ್ ಹಾಕುವಾಗ ಈ ಸುತ್ತು ಲೆಕ್ಕಕ್ಕೆ ತಗೊಂಡ್ರೆ ಇಂಧನ, ಸಮಯ ಎರಡೂ ಸರಿಯಾಗಿ ಬರುತ್ತೆ. ಸೀನರಿ ಮಾಡೋರಿಗೂ ಇದು ಮುಖ್ಯ, ಯಾವ ತುದಿಯ ಅಪ್ರೋಚ್‌ಗೆ ಹೆಚ್ಚು ಗಮನ ಕೊಡಬೇಕು ಅಂತ ಗಾಳಿಯೇ ಹೇಳಿಬಿಡುತ್ತೆ. ಕೊಸ್ರೇದಲ್ಲಿ ನಾನು 05 ಕಡೆಯ ದಿಬ್ಬ, ದಡ, ಕಲ್ಲಿನ ಇಳಿಜಾರು ಎಲ್ಲಾ ಸಣ್ಣ ಸಣ್ಣದಾಗಿ ತಿದ್ದಿ, 23 ಕಡೆ ಸಾಧಾರಣ ಮಟ್ಟಕ್ಕೆ ಬಿಟ್ಟಿದೀನಿ.

ಕಟ್ಟಡ, ಗಾಡಿ ಎಲ್ಲಾ ಬೇಗ ಮುಗೀತು. ಟರ್ಮಿನಲ್ ಸಣ್ಣದು, ಲೈಬ್ರರಿಯಲ್ಲಿ ಸಿಗೋ ಫಸಾಡ್‌ನಲ್ಲೇ (ಸಿದ್ಧ ಗೋಡೆಗಳ ಮಾದರಿ) ಮಾಡಿದೆ, ಫೈರ್ ಟ್ರಕ್‌ಗೆ ಒಂದು ಶೆಡ್, ನಾಲ್ಕು ಪಿಕಪ್ ಗಾಡಿ, ಏರಿ ರಸ್ತೆ ಪಕ್ಕ ತೆಂಗು. ಇಲ್ಲಿ ಪಕ್ಕದ ಟ್ಯಾಕ್ಸಿವೇ ಅನ್ನೋದಿಲ್ಲ, ಇಳಿದ ವಿಮಾನ ರನ್‌ವೇ ಮೇಲೇ ತಿರುಗಿ ವಾಪಸ್ ಬಂದು ಏಪ್ರನ್‌ಗೆ ನುಗ್ಗಬೇಕು. ಅದಕ್ಕೇ ಎಟಿಸಿ ಟ್ಯಾಕ್ಸಿ ರೂಟ್ ಎಳೆಯುವಾಗ ರನ್‌ವೇ ಉದ್ದಕ್ಕೂ ಗೆರೆ ಎಳೆದು ಅದು ರನ್‌ವೇ ಅಂತ ಗುರುತು ಹಾಕ್ಬೇಕು, ಇಲ್ಲಾಂದ್ರೆ ಎಐ ವಿಮಾನಗಳು (ಸಿಮ್ ತಾನೇ ಓಡಿಸೋವು) ಏಪ್ರನ್‌ಗೆ ದಾರಿ ಕಾಣದೆ ರನ್‌ವೇ ತುದೀಲೇ ನಿಂತುಬಿಡುತ್ತೆ. ಕೊನೆಗೆ ಸೀನರಿ ಪ್ಯಾಕ್ಸ್ ಫೈಲ್‌ನಲ್ಲಿ ಕ್ರಮ: ಏರ್‌ಪೋರ್ಟ್ ಮೇಲೆ, ಅದರ ಕೆಳಗೆ ಓವರ್‌ಲೇ (ನೆಲದ ಮೇಲೆ ಕೂರೋ ಮರ, ರಸ್ತೆ ಇತ್ಯಾದಿ), ತಳದಲ್ಲಿ ಆರ್ಥೋ ಮೆಶ್. ಹಳೇ ಪ್ಯಾಕನ್ನ ಪೂರ್ತಿ ಡಿಸೇಬಲ್ ಮಾಡಿ, ಅದರ ಎಕ್ಸ್‌ಕ್ಲೂಷನ್ (ಆ ಜಾಗದಲ್ಲಿ ಬೇರೆ ಪ್ಯಾಕ್‌ನ ವಸ್ತು ಕಾಣದ ಹಾಗೆ ಮಾಡೋ ಗುರುತು) ಇದ್ರೆ ನಿಮ್ಮ ಮರ, ಕಟ್ಟಡ ಎಲ್ಲಾ ಮಾಯ ಆಗುತ್ತೆ. ಏನಾದ್ರೂ ಕಾಣ್ತಾ ಇಲ್ಲ ಅಂದ್ರೆ ಲಾಗ್ ಫೈಲ್ ತೆಗೆದು ಏರ್‌ಪೋರ್ಟ್ ಫೋಲ್ಡರ್ ಹೆಸರು ಹುಡುಕಿ, ಯಾವ ಲೈಬ್ರರಿ ಸಿಗಲಿಲ್ಲ ಅಂತ ಅಲ್ಲೇ ಬರೆದಿರುತ್ತೆ.

ಟೆಸ್ಟ್ ಮಾಡಿದ್ದು ಹೇಳ್ತೀನಿ. ಕ್ವಾಜಲೀನ್‌ನಿಂದ ಹೊರಟು ಝಿಬೋದಲ್ಲಿ ಫ್ಲಾಪ್ 40, ಆಟೋಬ್ರೇಕ್ ಮ್ಯಾಕ್ಸ್‌ನಲ್ಲಿ ಇಟ್ಟು 05ಕ್ಕೆ. ಐನೂರು ಅಡಿಯಲ್ಲಿ ಎರಡು ಬಿಳಿ ಎರಡು ಕೆಂಪು ಗಟ್ಟಿಯಾಗಿ ನಿಂತಿತ್ತು, ಕೆಳಗೆ ದಿಬ್ಬದ ಹಸಿರು ಸರಿದು ಹೋಗ್ತಾ ಇತ್ತು, ಆಮೇಲೆ ಐವತ್ತು, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು, ಒಂದೇ ಸಮನೆ ಒಂದೇ ಲಯದಲ್ಲಿ ಕರೀತು, ಎಲ್ಲೂ ಎಗರಲಿಲ್ಲ. ಚಕ್ರ ಮುಟ್ಟಿದ್ದು ಏಮಿಂಗ್ ಗುರುತು ದಾಟಿ ಸ್ವಲ್ಪ ಮುಂದೆ. ಅಲ್ಲಿಂದ ಮುಂದೆ ಉಳಿಯೋದು 1,400 ಮೀಟರ್ ಚಿಲ್ಲರೆ, ರಿವರ್ಸರ್ ಎಳೆದು ಬ್ರೇಕ್ ಹಿಡಿದ್ರೆ ಧಾರಾಳ ಸಾಕು, ಆದ್ರೆ ಐನೂರು ಮೀಟರ್ ತೇಲಿಸಿಕೊಂಡು ಹೋದ್ರೆ ಒದ್ದೆ ರನ್‌ವೇಲಿ ಎದೆ ಡವಡವ ಅನ್ನುತ್ತೆ. ಅದೇ ಅಪ್ರೋಚ್‌ನ ಮಳೆಯಲ್ಲೂ, ರಾತ್ರಿಯಲ್ಲೂ ಮಾಡಿ ನೋಡಿದೆ, ರಾತ್ರಿ ಹೊತ್ತು ಸುತ್ತ ಒಂದು ದೀಪ ಇರಲ್ಲ, ಪ್ಯಾಪಿ ಬಿಟ್ರೆ ನಂಬೋಕೆ ಬೇರೆ ಏನೂ ಇಲ್ಲ, ಅದು ಸರಿಯಾದ ಜಾಗದಲ್ಲಿರೋದರ ಬೆಲೆ ಆಗ ತಿಳಿಯುತ್ತೆ. ಇಳಿದ ಮೇಲೆ ಬ್ರೇಕ್ ಟೆಂಪರೇಚರ್ ಕಡೆ ಕಣ್ಣಿಡಿ, ಒಂದಾದ ಮೇಲೊಂದು ಗಿಡ್ಡ ರನ್‌ವೇ, ಮಧ್ಯ ಒಂದು ಗಂಟೆ ಹಾರಾಟ, ಬ್ರೇಕ್ ತಣ್ಣಗಾಗೋಕೆ ಸಮಯ ಕೊಡ್ಬೇಕು.

ಆನ್‌ಲೈನ್‌ನಲ್ಲಿ ಹಾರಿಸೋರಿಗೆ ಒಂದು ಮಾತು. ಈ ಸಮುದ್ರದ ಬಹುಭಾಗ ಓಕ್ಲೆಂಡ್ ಓಶಿಯಾನಿಕ್ ಅನ್ನೋ ವಾಯುಸಂಚಾರ ನಿಯಂತ್ರಣ ಕೇಂದ್ರದ ಕೈಲಿದೆ, ಕ್ಯಾಲಿಫೋರ್ನಿಯಾದಲ್ಲಿ ಕೂತು ಮೈಕ್ರೊನೇಷಿಯಾ ಆಕಾಶ ನೋಡ್ಕೋತಾರೆ, ಗುವಾಮ್ ಹತ್ರ ಬಂದ ಮೇಲೆ ಗುವಾಮ್‌ನವರು. ವ್ಯಾಟ್‌ಸಿಮ್‌ನಲ್ಲೂ (ಸಿಮ್ ಪೈಲಟ್, ಕಂಟ್ರೋಲರ್‌ಗಳ ಆನ್‌ಲೈನ್ ಜಾಲ) ಅದೇ ವ್ಯವಸ್ಥೆ. ಕೆಲವು ಮ್ಯಾಪ್ ಟೂಲ್‌ಗಳಲ್ಲಿ ಹೊನೊಲುಲು ಮಜುರೋ ರೂಟ್ ಹಾಕಿದ್ರೆ ಡೇಟ್ ಲೈನ್ ದಾಟೋ ಕಡೆ ಗೆರೆ ಉಲ್ಟಾ ಆಗಿ ಆಫ್ರಿಕಾ ಮೇಲೆ ಸುತ್ತಿ ಬಂದ ಹಾಗೆ ಕಾಣುತ್ತೆ, ಗಾಬರಿ ಬೇಡ, ಎಫ್ಎಂಸಿ (ವಿಮಾನದ ದಾರಿ ಲೆಕ್ಕ ಹಾಕೋ ಕಂಪ್ಯೂಟರ್) ಒಳಗೆ ಸರಿಯಾಗೇ ಇರುತ್ತೆ.

ಟ್ರಾಫಿಕ್ ಬೇಕು ಅನ್ನೋರಿಗೆ: ಈ ಕಡೆ ಯುನೈಟೆಡ್ ಬಿಟ್ರೆ ನೌರು ಏರ್‌ಲೈನ್ಸ್‌ನ 737ಗಳು ಮಜುರೋ, ಪೊನ್‌ಪೇ ಕಡೆ ಬರುತ್ತೆ. ಮಜುರೋದಲ್ಲಿ ಏರ್ ಮಾರ್ಷಲ್ ಐಲ್ಯಾಂಡ್ಸ್‌ನ ಡಾರ್ನಿಯರ್ 228 ಇಡೋದು ಮರೀಬೇಡಿ, ಹೊರಗಿನ ಸಣ್ಣ ದ್ವೀಪಗಳಿಗೆ ಹೋಗೋಕೆ ಅದನ್ನ ಬಳಸ್ತಾ ಬಂದಿದ್ದಾರೆ. ನಮ್ಮ ಎಚ್ಎಎಲ್ ಕಾನ್ಪುರದಲ್ಲಿ ಲೈಸೆನ್ಸ್ ತಗೊಂಡು ಮಾಡ್ತಿರೋದೂ ಇದೇ ಜಾತಿಯ ವಿಮಾನ, 2022ರಲ್ಲಿ ಅಲಯನ್ಸ್ ಏರ್ ಅದನ್ನ ಈಶಾನ್ಯದಲ್ಲಿ ಪ್ರಯಾಣಿಕರಿಗೆ ಹಾರಿಸೋಕೆ ಶುರು ಮಾಡ್ತು. ಮಜುರೋ ಏಪ್ರನ್‌ನಲ್ಲಿ ಅದು ನಿಂತಿರೋದು ನೋಡಿದ್ರೆ ಪರಿಚಯದೋರು ಸಿಕ್ಕ ಹಾಗೆ ಖುಷಿ ಆಗುತ್ತೆ.

ಹಂಚೋ ವಿಷಯ. ಆರ್ಥೋ ಟೈಲ್ ಕೇಳ್ಬೇಡಿ, ಆ ಚಿತ್ರಗಳ ಹಕ್ಕು ಬೇರೆಯವರದ್ದು, ಕಟ್ಟಿದ ಟೈಲ್ ಹಂಚೋ ಹಾಗಿಲ್ಲ. ಪ್ಯಾಚ್ ಫೈಲ್, ವರ್ಲ್ಡ್ ಎಡಿಟರ್ ಪ್ಯಾಕ್, ನಾನು ಇಟ್ಕೊಂಡ ಮಾಸ್ಕ್ ಸೆಟ್ಟಿಂಗ್ ಮೂರೂ ಕೊಡ್ತೀನಿ, ನಿಮ್ಮ ಮಶೀನ್‌ನಲ್ಲಿ ನೀವೇ ಟೈಲ್ ಕಟ್ಕೊಳಿ, ಪ್ಯಾಚ್ ಫೋಲ್ಡರ್‌ನಲ್ಲಿ ಫೈಲ್ ಇಟ್ಟು ಮೊದಲನೇ ಹಂತದಿಂದ ಓಡಿಸಿದ್ರೆ ಸಾಕು. ಕಸ್ಟಮ್ ಲೈಬ್ರರಿ ಇಲ್ಲದ ಒಂದು ಆವೃತ್ತಿನೂ ಮಾಡಿ ಸೀನರಿ ಗೇಟ್‌ವೇಗೆ (ಬಳಕೆದಾರರು ಮಾಡಿದ ಏರ್‌ಪೋರ್ಟ್‌ಗಳನ್ನ ಎಕ್ಸ್-ಪ್ಲೇನ್‌ಗೆ ಸೇರಿಸ್ಕೊಳೋ ತಾಣ) ಕಳಿಸೋಕೆ ತಯಾರು ಮಾಡ್ತಾ ಇದೀನಿ, ಒಪ್ಪಿಕೊಂಡ್ರೆ ಮುಂದಿನ ಯಾವ್ದಾದ್ರೂ ಅಪ್‌ಡೇಟ್‌ನಲ್ಲಿ ಕನಿಷ್ಠ ಪ್ಯಾಪಿ, ಟ್ಯಾಕ್ಸಿ ರೂಟ್ ಎಲ್ಲರಿಗೂ ಸರಿಯಾಗಿ ಸಿಗುತ್ತೆ.

ಮುಂದಿನ ಟೈಲ್ +07+151, ಚೂಕ್. ಅಲ್ಲಿ ರನ್‌ವೇ 04ರ ತುದಿ ಲಗೂನ್‌ಗೆ ಎಷ್ಟು ಅಂಟಿಕೊಂಡಿದೆ ಅಂದ್ರೆ ಎರಡು ಗೆರೆ ನಡುವೆ ಹತ್ತು ಮೀಟರ್ ಜಾಗವೂ ಸಿಗಲ್ಲ ಅನ್ಸುತ್ತೆ, ಹೊರಗಿನ ಆಕಾರನ ಕೋಸ್ಟ್‌ಲೈನ್ ಮೇಲೇ ಕೂರಿಸಿ ನೋಡ್ಬೇಕು. ಯಾರಾದ್ರೂ ಈಗಾಗಲೇ ಅಲ್ಲಿಗೆ ಪ್ಯಾಚ್ ಬರೆದಿದ್ರೆ ತಿಳಿಸಿ, ಸೇರಿ ಮಾಡೋಣ. ಅದು ಮುಗಿದ ಮೇಲೆ ಫ್ಲೈಜೆಸಿಮ್ ಅನ್ನೋರು ಸಿಮ್‌ಗೆ ಮಾಡಿರೋ 727-100 ತಗೊಂಡು ಏರ್ ಮೈಕ್ರೊನೇಷಿಯಾ ಕಾಲದ ರೂಟನ್ನೇ ಒಂದು ಸಲ ಪೂರ್ತಿ ಹಾರಿಸೋ ಆಸೆ ಇದೆ, ಅದಕ್ಕೆ ಹವಳದ ರನ್‌ವೇ ಇರೋ ಹಳೇ ಕಾಲದ ಪೊನ್‌ಪೇ ಬೇರೆ ಮಾಡ್ಬೇಕು.